ಐದು ನಿಮಿಷದ ಸ್ಕಾಟ್ಲೆಂಡ್

ಮಾರ್ಚ್ 5, 2018, ಸೋಮವಾರ

ಮೊದಲು ಮಾಫಿ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತಕ್ಷರ ಎಲ್ಲಿ ಬೀಳಬೇಕೋ ಅಲ್ಲಿ ಬೀಳುವುದಿಲ್ಲ. ಸವಣೂರಿನ ಕನ್ನಡ ಶಾಲೆಯಲ್ಲಿ ಐದನೇ ಇಯತ್ತೆಯವರೆಗೆ ಓದಿದವಳು ನಾನು. ಆಮೇಲೆ ಪೆನ್ನು ಹಿಡಿದದ್ದು ಕಿರಾಣಿ ಚೀಟಿಗೆ, ಮತ್ತೆ ಆ ಚೀಟಿಯ ಬೆನ್ನಿಗೆ ಯಾರಿಗೂ ತೋರಿಸದೆ ಬರೆದ ಎರಡು ಮೂರು ಸಾಲಿಗೆ. ಇದನ್ನು ಓದುವವಳು ನಾನೊಬ್ಬಳೇ. ಆದರೂ ಬರೆಯಲು ಕೂತರೆ ಬೆನ್ನ ಹಿಂದೆ ಯಾರೋ ಕೆಂಪು ಪೆನ್ನು ಹಿಡಿದು ನಿಂತ ಹಾಗೆ ಆಗುತ್ತದೆ. ಅವರಿಗೇ ಈ ಮಾಫಿ.

ಮನೆಯಲ್ಲಿ ನಾವು ಆಡುವುದು ದಖನಿ, ನಮ್ಮ ಕಡೆಯ ಉರ್ದು. ಬರೆಯುವಾಗ ಅದು ತಾನಾಗಿ ಕನ್ನಡವಾಗುತ್ತದೆ, ಯಾಕೆಂದರೆ ಬರೆಯಲು ನನಗೆ ಬರುವುದು ಕನ್ನಡವೊಂದೇ.

ಬರೆಯಲು ಕೂತದ್ದು ಹೆದರಿಕೆಗೆ. ಇವತ್ತು ಪರೀಕ್ಷೆಯ ದಿನ ಗೊತ್ತಾಯಿತು. ಮೇ ಹತ್ತು. ನನ್ನ ವೀಸಾ ಜೂನ್‌ನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಇಂಗ್ಲಿಷ್ ಮಾತಾಡುವ ಪರೀಕ್ಷೆ ಪಾಸಾದರೆ ಮಾತ್ರ ಇಲ್ಲಿ ಖಾಯಂ ಇರಲು ಅರ್ಜಿ ಹಾಕಬಹುದು. ಪಾಸಾಗದಿದ್ದರೂ ಬೇರೆ ದಾರಿ ಇದೆ ಎನ್ನುವವರಿದ್ದಾರೆ. ಆ ದಾರಿ ಯಾವುದೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಗಂಡ ಇಸ್ಹಾಕ್ ಚಿಕ್ಕವರಿದ್ದಾಗಲೇ ಚಾಚಾನ ಜೊತೆ ಮ್ಯಾಂಚೆಸ್ಟರಿಗೆ ಬಂದವರು. ಏರ್‌ಪೋರ್ಟಿನಲ್ಲಿ ಸಾಮಾನು ಹೇರುತ್ತಾರೆ, ಇಲ್ಲಿಯ ಪಾಸ್‌ಪೋರ್ಟ್ ಇದೆ. ಮಗಳು ಆಯಿಝಾ ಇಲ್ಲೇ ವಿದನ್‌ಶಾದ ಆಸ್ಪತ್ರೆಯಲ್ಲಿ ಹುಟ್ಟಿದವಳು, ಅವಳಿಗೂ ಇದೆ. ಮೂವರಲ್ಲಿ ಹೊರಗೆ ಕಳಿಸಬಹುದಾದವಳು ನಾನೊಬ್ಬಳೇ.

"ಹತ್ತು ನಿಮಿಷದ ಮಾತು, ಅಷ್ಟೇ," ಅಂದರು ಇವರು, ಬೂಟು ಬಿಚ್ಚುತ್ತಾ. "ಐದು ನಿಮಿಷ ನಿನಗ ಬೇಕಾದ ವಿಷಯ. ಇನ್ನೈದು ನಿಮಿಷ ಅವರು ಕೇಳಿದ್ದು. ಇಷ್ಟಕ್ಕ ಇಷ್ಟ್ಯಾಕ ಅಂಜತಿ?"

ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಮಾರ್ಚ್ 8, ಗುರುವಾರ

ಚರ್ಚ್ ಹಾಲ್‌ನಲ್ಲಿ ಇಂಗ್ಲಿಷ್ ಕ್ಲಾಸು. ಕಲಿಸುವವರು ಮೊರೀನ್ ಎಂಬ ವಯಸ್ಸಾದವರು, ಲೀಡ್ಸ್ ಕಡೆಯವರು. ಎಲ್ಲರನ್ನೂ 'ಲವ್' ಎಂದೇ ಕರೆಯುತ್ತಾರೆ. ಬಂದ ಹೊಸತರಲ್ಲಿ ಬಸ್ ಡ್ರೈವರ್ ಹಾಗೆ ಕರೆದಾಗ ಮೈಯೆಲ್ಲ ಬೆವತು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಿದ್ದೆ.

ಐದು ನಿಮಿಷಕ್ಕೆ ಯಾರ್ಯಾರು ಯಾವ ವಿಷಯ ಎಂದು ಮೊರೀನ್ ಕೇಳಿದರು. ಒಬ್ಬಳು ಈದ್, ಇನ್ನೊಬ್ಬಳೂ ಈದ್. ಮತ್ತೊಬ್ಬಳು ತಂಗಿಯ ಮದುವೆ. ನಘ್ಮಾನಾ ಬಾಜಿಯದು ಬಿರಿಯಾನಿ. ಬಾಜಿ ಎಂದರೆ ಅಕ್ಕ; ಅವರು ಲಾಹೋರಿನವರು, ನಮ್ಮ ಕ್ಲಾಸಿನ ರಾಣಿ. ನನ್ನ ಸರದಿ ಬಂದಾಗ ನನಗೆ ಬಾಯೇ ಬಿಡಲಾಗಲಿಲ್ಲ. ಬಾಜಿ ಪಕ್ಕದಿಂದ ಉರ್ದುವಿನಲ್ಲಿ ಏನಾದರೂ ಹೇಳೇ ಎಂದರು. ನಾನು ಅಭ್ಯಾಸಬಲದಿಂದ "ನಕ್ಕೊ ಬಾಜಿ" ಅಂದೆ. ಬೇಡ ಎಂಬುದಕ್ಕೆ ನಾವು ಹೇಳುವುದೇ ಹಾಗೆ.

"ನಕ್ಕೊ! ನಕ್ಕೊ!" ಬಾಜಿ ಮೇಜು ತಟ್ಟಿ ನಕ್ಕರು. "ಅಲ್ಲಾ, ಇದನ್ನೂ ಉರ್ದು ಅಂತ ಕರೀತಾರಾ? ಶಾಕಿರಾ, ನಿಮ್ಮೂರಲ್ಲಿ ಭಾಷೆ ಮೇಲೆ ಲಾರಿ ಹತ್ತಿತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಎಲ್ಲರೂ ಹೇಳುವ ಈದ್ ಅನ್ನೇ ನಾನೂ ಹೇಳಿದರೆ ಪರೀಕ್ಷೆ ಮಾಡುವವರಿಗೆ ಬೇಸರವಾಗುವುದಿಲ್ಲವೇ? ಓದಿದವರ ವಿಷಯ ಹೇಳಿದರೆ ನಾನೂ ಓದಿದವಳೆಂದು ಅಂದುಕೊಳ್ಳಬಹುದು.

ಮಾರ್ಚ್ 11, ಭಾನುವಾರ

ನಮ್ಮ ಮೇಲಿನ ಕೋಣೆಯಲ್ಲಿ ಶರ್ವಾಣಿ ಮೇಡಂ ಬಾಡಿಗೆಗಿದ್ದಾರೆ. ಮೈಸೂರಿನವರು, ಇಲ್ಲಿಯ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ. ಇವತ್ತು ಚಾ ಕೊಡಲು ಹೋದಾಗ ಧೈರ್ಯ ಮಾಡಿ ಕೇಳಿದೆ.

"ಮೇಡಂ, ನೀವು ಓದೂ ವಿಷಯ ಯಾವ್ದು?"

"ಮೇಡಂ ಅನ್ಬೇಡಿ ಕಣ್ರೀ. ಆಧುನಿಕ ಸ್ಕಾಟಿಷ್ ಕವಿತೆ. ಅದರ ವಸ್ತು ಏನು, ರೂಪ ಏನು, ಅಂತ. ಯಾಕೆ?"

"ಅದನ್ನ ನಂಗ ಒಂದು ಪುಟ ಇಂಗ್ಲಿಷಿನ್ಯಾಗ ಬರೆದು ಕೊಡ್ತೀರಿ? ಪರೀಕ್ಷಾಕ್ಕ ಬಾಯಿಪಾಠ ಮಾಡ್ತೀನಿ."

ಅವರು ನಗುತ್ತಲೇ ಬರೆದು ಕೊಟ್ಟರು, ನಿದ್ದೆಗಣ್ಣಿನಲ್ಲಿ. ತಮ್ಮ ಪ್ರಬಂಧದ್ದೇ ಮೊದಲ ಪುಟವಂತೆ. ಓದಿಸಿಕೊಂಡು ಒಂದೊಂದು ಮಾತನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಇಂಟರಾಗೇಟ್ ಎಂಬ ಮಾತಿಗೆ ಅರ್ಥ ಕೇಳಿದೆ.

"ಪ್ರಶ್ನೆ ಮಾಡೋದು. ಪೊಲೀಸರು ಮಾಡ್ತಾರಲ್ಲ, ಹಾಗೆ."

"ಕವಿತೀನೂ ಪೊಲೀಸರ ಕೆಲಸ ಮಾಡತಾವೇನ್ರೀ?"

ಅವರು ಪೆನ್ನು ಕೆಳಗಿಟ್ಟು ನನ್ನನ್ನು ಒಂದು ಗಳಿಗೆ ನೋಡಿದರು. ತಪ್ಪು ಕೇಳಿದೆನೇನೋ. ಬೇಗ ಕೆಳಗಿಳಿದು ಬಂದೆ.

ಮಾರ್ಚ್ 20, ಮಂಗಳವಾರ

ಪುಟ ಪೂರ್ತಿ ಬಾಯಿಗೆ ಬಂತು. ರೊಟ್ಟಿ ಬಡಿಯುತ್ತಾ, ಬಟ್ಟೆ ಒಣಹಾಕುತ್ತಾ, ಆಯಿಝಾಳ ತಲೆ ಬಾಚುತ್ತಾ ಹೇಳಿಕೊಳ್ಳುತ್ತೇನೆ. ನಮ್ಮ ಶಾಲೆಯಲ್ಲಿ ಮಗ್ಗಿ ಕಲಿತದ್ದು ಹೀಗೆಯೇ. ಅರ್ಥ ಕೇಳಿದವರಿಗೆ ಏಟು, ನಿಲ್ಲದೆ ಹೇಳಿದವರಿಗೆ ಶಾಬಾಸ್. ಮಾಡರ್ನ್ ಸ್ಕಾಟಿಷ್ ಪೊಯೆಟ್ರಿ ಇಂಟರಾಗೇಟ್ಸ್ ದ ರಿಲೇಷನ್ ಬಿಟ್ವೀನ್ ವಾಯ್ಸ್ ಅಂಡ್ ನೇಷನ್. ಎಲ್ಲಿಯೂ ತಡೆಯುವುದಿಲ್ಲ.

ಇವರು ಕೇಳಿ ದಂಗಾದರು. "ನನಗೂ ಇಷ್ಟು ಇಂಗ್ಲಿಷ್ ಬರೂದಿಲ್ಲ. ಏನಿದರ ಅರ್ಥ?"

"ಅರ್ಥ ಪರೀಕ್ಷಾಕ್ಕ ಇಲ್ಲ," ಅಂದೆ. ಇವರು ನಕ್ಕರು. ತುಂಬ ದಿನದ ಮೇಲೆ ನಕ್ಕರು.

ಮಾರ್ಚ್ 29, ಗುರುವಾರ

ಎಲ್ಲಾ ಹೋಯಿತು.

ಮೊರೀನ್ ಇವತ್ತು ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ಪರೀಕ್ಷೆ ಮಾಡಿದ ಹಾಗೆ ಮಾಡಿದರು. ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಮೂರು ಸಾಲು ಹೇಳಿರಬಹುದು. ಅವರು ಕೈ ಎತ್ತಿ ನಿಲ್ಲಿಸಿ, "ಚೆನ್ನಾಗಿದೆ ಲವ್, ಆದರೆ ನಿನಗೆ ಇದು ಯಾಕೆ ಇಷ್ಟ?" ಎಂದು ಕೇಳಿದರು.

ನಾನು ಮೊದಲಿನಿಂದ ಶುರು ಮಾಡಿದೆ.

ಅವರು ಮತ್ತೆ ನಿಲ್ಲಿಸಿದರು. ಇಷ್ಟವಾದ ಒಂದು ಕವಿತೆಯ ಬಗ್ಗೆ ಹೇಳು ಎಂದರು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಮೂರನೆಯ ಸಲ ಅವರು ನಿಲ್ಲಿಸಲಿಲ್ಲ, ಸುಮ್ಮನೆ ನನ್ನ ಕೈ ಮೇಲೆ ಕೈ ಇಟ್ಟರು. ನಾನು ಕೊನೆಯವರೆಗೂ ಹೇಳಿದೆ. ಕ್ಲಾಸಿನಲ್ಲಿ ಯಾರೂ ನಗಲಿಲ್ಲ, ನಘ್ಮಾನಾ ಬಾಜಿಯೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಕ್ಲಾಸು ಮುಗಿದ ಮೇಲೆ ಮೊರೀನ್ ಮೆಲ್ಲಗೆ ಹೇಳಿದರು. ಬಾಯಿಪಾಠ ಮಾಡಿದ್ದೆಂದು ಗೊತ್ತಾದರೆ ಪರೀಕ್ಷೆಯವರು ನಡುವೆಯೇ ತಡೆದು ಬೇರೆ ಕೇಳುತ್ತಾರೆ. ಉತ್ತರ ಬರದಿದ್ದರೆ ಫೇಲ್. ಈದ್ ಬಗ್ಗೆ ಮಾತಾಡು, ಸುಲಭ ಎಂದರು. ಈದ್ ಬಗ್ಗೆ ನಾನು ಏನು ಹೇಳಲಿ? ಶೀರ್‌ಖುರ್ಮಾ ಕುಡಿದೆವು. ಅಲ್ಲಿಗೆ ಮುಗಿಯಿತು.

ಇವರಿಗೆ ಹೇಳಿಲ್ಲ.

ಏಪ್ರಿಲ್ 3, ಮಂಗಳವಾರ

ಮಧ್ಯಾಹ್ನ ಬಾಗಿಲು ಬಡಿದರು. ಕಿಟಕಿಯ ಸಂದಿಯಿಂದ ನೋಡಿದರೆ ಕುತ್ತಿಗೆಗೆ ಬ್ಯಾಡ್ಜು ಹಾಕಿದ ಗಂಡಸು, ಕೈಯಲ್ಲಿ ಏನೋ ಯಂತ್ರ. ವೀಸಾದವರೇ ಬಂದರೆಂದು ಆಯಿಝಾಳನ್ನು ಎತ್ತಿಕೊಂಡು ಸೋಫಾದ ಹಿಂದೆ ಕೂತೆ. ಅವಳ ಬಾಯಿ ಮುಚ್ಚಿದೆ. ಅವಳು ಆಟವೆಂದುಕೊಂಡು ಮೊದಲು ನಕ್ಕಳು, ಆಮೇಲೆ ನನ್ನ ಎದೆ ಹೊಡೆದುಕೊಳ್ಳುವುದು ತಿಳಿದು ಅಳತೊಡಗಿದಳು. ಅವನು ಇನ್ನೊಮ್ಮೆ ಬಡಿದು ಹೋದ. ಬಾಗಿಲ ಸಂದಿಯಲ್ಲಿ ಚೀಟಿ ಬಿದ್ದಿತ್ತು. ಗ್ಯಾಸ್ ಮೀಟರ್ ನೋಡಲು ಬಂದಿದ್ದನಂತೆ.

"ಮಮ್ಮಿ, ವೈ ಆರ್ ವಿ ಹೈಡಿಂಗ್?" ಎಂದು ಆಯಿಝಾ ಸಂಜೆಯವರೆಗೂ ಕೇಳಿದಳು. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷ್. ನಾನು ಊರಿಗೆ ಹೋಗಬೇಕಾಗಿ ಬಂದರೆ ಇವಳು ಯಾರ ಕೈಲಿ ತಲೆ ಬಾಚಿಸಿಕೊಳ್ಳುತ್ತಾಳೆ? ಇವರಿಗೆ ಜಡೆ ಹಾಕಲು ಬರುವುದಿಲ್ಲ.

ಏಪ್ರಿಲ್ 7, ಶನಿವಾರ

ನಾನು ಅಳುವುದನ್ನು ಶರ್ವಾಣಿ ಮೇಡಂ ನೋಡಿಬಿಟ್ಟರು. ಅಡುಗೆಮನೆಯಲ್ಲಿ ಈರುಳ್ಳಿ ಎಂದು ಹೇಳಿದೆ. ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇತ್ತು. ಎಲ್ಲ ಹೇಳಬೇಕಾಯಿತು.

ಅವರು ಕುರ್ಚಿ ಎಳೆದು ಕೂತರು. "ಛೇ, ತಪ್ಪು ನಂದೇ. ಆ ಪುಟ ನನಗೇ ಅರ್ಥ ಆಗಲ್ಲ ಕಣ್ರೀ, ಗೈಡ್‌ಗೆ ಇಷ್ಟ ಆಗ್ಲಿ ಅಂತ ಬರ್ದಿದ್ದು. ನಿಮಗೆ ಒಂದು ಕವಿತೇನಾದ್ರೂ ಓದಿ ಹೇಳ್ಬೇಕಿತ್ತು ನಾನು."

ಆಮೇಲೆ ಫೋನಿನಲ್ಲಿ ಹಾಕಿ ಕೇಳಿಸಿದರು. ಒಂದು ಹೆಂಗಸಿನ ದನಿ. ಇಂಗ್ಲಿಷಿನ ಹಾಗಿತ್ತು, ಆದರೆ ಇಂಗ್ಲಿಷಲ್ಲ. ಗಂಟಲಿನಿಂದ ಉರುಟುರುಟಾಗಿ ಬರುತ್ತಿತ್ತು. ನನಗೆ ಒಂದು ಮಾತೂ ತಿಳಿಯಲಿಲ್ಲ. ಆದರೂ ಬೈಯುತ್ತಿದ್ದಾಳೋ ಮುದ್ದು ಮಾಡುತ್ತಿದ್ದಾಳೋ ಎಂಬುದು ತಿಳಿಯಿತು. ಮುದ್ದು ಮಾಡುತ್ತಾ ಬೈಯುತ್ತಿದ್ದಾಳೆ ಅಂದೆ.

"ಹೌದು!" ಅಂದರು ಶರ್ವಾಣಿ. "ಮೀನು ಮಾರೋ ಅಜ್ಜಿ ಮೊಮ್ಮಗನಿಗೆ ಬೈತಿರೋದು. ಅವರ ಮನೆ ಮಾತು ಇದು. ಸ್ಕೂಲಲ್ಲಿ ಈ ಮಾತಾಡಿದ್ರೆ ಮಕ್ಕಳಿಗೆ ಹೊಡೀತಿದ್ರು. ಇದು ಭಾಷೆ ಅಲ್ಲ, ಕೆಟ್ಟ ಇಂಗ್ಲಿಷ್ ಅಂತಿದ್ರು. ಆಮೇಲೆ ಕವಿಗಳು ಬಂದು ಇದರಲ್ಲೇ ಬರೆದ್ರು. ಬೀದೀಲಿ ಹೇಗೆ ಕೇಳತ್ತೋ ಹಾಗೇ ಅಕ್ಷರಕ್ಕೆ ಹಾಕಿದ್ರು."

"ಜನ ನಗಲಿಲ್ಲೇನ್ರೀ?"

"ನಕ್ಕರು. ನಗೋರ ಎದುರೇ ನಿಂತು ಓದಿದ್ರು."

ಇನ್ನೂ ತೋರಿಸಿದರು. ಒಂದು ಕವಿತೆಯಲ್ಲಿ ಅಕ್ಷರಗಳನ್ನೇ ಏಣಿಯ ಹಾಗೆ ಜೋಡಿಸಿದ್ದಾರೆ, ಓದಬೇಕಾದರೆ ಕಣ್ಣು ಹತ್ತಿ ಇಳಿಯಬೇಕು. ಒಂದರಲ್ಲಿ ಇರುವುದು ಎರಡೇ ಮಾತು. ಇದೂ ಕವಿತೆಯೇ ಎಂದು ಕೇಳಿದೆ. ಇದೂ ಕವಿತೆಯೇ ಅಂದರು. ನಾನು ಕಿರಾಣಿ ಚೀಟಿಯ ಬೆನ್ನಿಗೆ ಬರೆಯುವುದರ ಬಗ್ಗೆ ಹೇಳಬೇಕೆನಿಸಿತು. ಹೇಳಲಿಲ್ಲ.

ಏಪ್ರಿಲ್ 14, ಶನಿವಾರ

ದಿನಾ ಸಂಜೆ ಅವರು ಬಂದ ಮೇಲೆ ಒಂದು ಕವಿತೆ ಕೇಳುತ್ತೇವೆ. ಇವತ್ತಿನದಕ್ಕೆ ಫ್ಲೈಟಿಂಗ್ ಎಂದು ಹೆಸರು. ಹಳೆಯ ಕಾಲದಲ್ಲಿ ರಾಜನ ಎದುರು ಇಬ್ಬರು ಕವಿಗಳು ನಿಂತು ಪದ್ಯದಲ್ಲೇ ಒಬ್ಬರನ್ನೊಬ್ಬರು ಬೈಯುತ್ತಿದ್ದರಂತೆ. ನಿನ್ನ ಮೂಗು ಹೀಗೆ, ನಿನ್ನ ಅಪ್ಪ ಹಾಗೆ, ನಿನ್ನ ಕಾಲು ನಾರುತ್ತದೆ ಎಂದೆಲ್ಲ. ಯಾರೂ ಹೊಡೆದಾಡುತ್ತಿರಲಿಲ್ಲ. ಯಾರ ಬೈಗುಳ ಚೆನ್ನಾಗಿದೆಯೋ ಅವರು ಗೆದ್ದ ಹಾಗೆ. ಈಗಿನ ಕವಿಗಳೂ ಅದನ್ನು ಮತ್ತೆ ಎತ್ತಿಕೊಂಡಿದ್ದಾರಂತೆ.

"ಇದು ನಮ್ಮಲ್ಲಿ ಐತ್ರಿ," ಅಂದೆ. "ಮದುವ್ಯಾಗ ಗಂಡಿನ ಕಡೆ ಹೆಂಗಸರು, ಹೆಣ್ಣಿನ ಕಡೆ ಹೆಂಗಸರು ಎದುರುಬದುರು ಕುಂತು ಬೈದು ಹಾಡತಾರ. ಬೀಗಿತ್ತಿಗೆ ನಾವು ಸಮ್ಧನ್ ಅಂತೀವಿ. ಅಕೀನ್ನ ಭಾಳ ಬೈತಾರ."

"ಒಂದು ಹಾಡಿ."

"ನಕ್ಕೊ ನಕ್ಕೊ," ಅಂದು ಓಡಿ ಬಂದೆ. ಹಾಡುವುದೆಂದರೆ ನನಗೆ ಸಾಯುವಷ್ಟು ಹೆದರಿಕೆ.

ಏಪ್ರಿಲ್ 17, ಮಂಗಳವಾರ

ಟೀವಿಯಲ್ಲಿ ಕೆರಿಬಿಯನ್ ಕಡೆಯಿಂದ ಬಂದ ಮುದುಕರನ್ನು ತೋರಿಸುತ್ತಿದ್ದಾರೆ. ಐವತ್ತು ವರ್ಷ ಇಲ್ಲೇ ದುಡಿದವರು. ಇಲ್ಲಿರಲು ಕಾಗದ ತೋರಿಸಿ ಎಂದು ಅವರನ್ನು ಕೇಳಿದ್ದಾರಂತೆ. ಇವರು ಟೀವಿ ಆರಿಸಿದರು. ರಾತ್ರಿಯ ಊಟ ಯಾರಿಗೂ ಸೇರಲಿಲ್ಲ.

ಏಪ್ರಿಲ್ 19, ಗುರುವಾರ

ಇವತ್ತು ನಾನು ಏನು ಮಾಡಿದೆ ಎಂದು ಬರೆಯಲೂ ಹೆದರಿಕೆ.

ಕ್ಲಾಸಿನ ಚಾ ಹೊತ್ತಿನಲ್ಲಿ ನಘ್ಮಾನಾ ಬಾಜಿ ಕಪ್ಪು ಉರುಳಿಸಿದರು. ನಾನು ಒರಸುವ ಬಟ್ಟೆ ತಂದೆ. ಬಾಜಿ ಕಾಲು ಎತ್ತಿಕೊಂಡು ಕೂತು, "ಎಲ್ಲಿ, ಇವತ್ತು ನಮ್ಮ ಬೇಗಂ ಸಾಹೇಬಾ ನಕ್ಕೊ ಅನ್ನಲೇ ಇಲ್ಲ! ಅದನ್ನು ಕೇಳದೆ ನನಗೆ ಚಾ ಇಳಿಯೋದಿಲ್ಲ," ಅಂದರು.

ನಾನು ಒರಸುತ್ತಲೇ ಇದ್ದೆ. ತಲೆ ಎತ್ತಲಿಲ್ಲ. ಆದರೆ ಬಾಯಿ ತಾನಾಗಿ ತೆರೆಯಿತು, ಅದೂ ಹಾಡಿನ ಧಾಟಿಯಲ್ಲಿ, ದಖನಿಯಲ್ಲಿ. ಅರ್ಥ ಹೀಗಾಗುತ್ತದೆ: ಬಾಜಿಯ ಉರ್ದು ಜರಿಯ ದುಪಟ್ಟಾ, ಹಬ್ಬಕ್ಕೆ ಮಾತ್ರ ಪೆಟ್ಟಿಗೆಯಿಂದ ಹೊರಗೆ, ನನ್ನ ದಖನಿ ಒರಸುವ ಬಟ್ಟೆ, ಬಾಜಿ ಚೆಲ್ಲಿದ್ದನ್ನು ದಿನಾ ಬಳಿಯುತ್ತದೆ.

ನಾನು ಬಟ್ಟೆ ಮಡಚಿ ಮತ್ತೆ ಒರಸಿದೆ. ಆಮೇಲೆ ಬಾಜಿ ಎಷ್ಟು ಜೋರಾಗಿ ನಕ್ಕರೆಂದರೆ ಮೊರೀನ್ ಓಡಿ ಬಂದರು. "ತೌಬಾ ತೌಬಾ! ಇವಳ ಬಾಯಲ್ಲಿ ನಾಲಿಗೆ ಇದೆ! ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದೆಯೇ?" ನನ್ನ ಕೆನ್ನೆ ಹಿಂಡಿದರು. ಮೊರೀನ್ ಏನಾಯಿತೆಂದು ಕೇಳಿದರು. ಬಾಜಿ ಹೇಳಲು ಹೋಗಿ, ತಿರುಗಿ ನನಗೇ ಬಿಟ್ಟರು. "ನೀನೇ ಹೇಳು, ಬೈದವಳು ನೀನು."

ಇಂಗ್ಲಿಷಿನಲ್ಲಿ ಹೇಳಿದೆ. ಏನು ಹೇಳಿದೆನೋ. ದುಪಟ್ಟಾ, ಬಟ್ಟೆ, ಚಾ ಎಂದು ಕೈಯಲ್ಲಿ ತೋರಿಸಿ ಹೇಳಿದೆ. ಸ್ಕಾಟ್ಲೆಂಡಿನಲ್ಲಿ ಕವಿಗಳೂ ಹೀಗೆ ಮಾಡುತ್ತಾರೆ ಅಂದೆ. ಮೊರೀನ್ ಗಲ್ಲದ ಮೇಲೆ ಕೈ ಇಟ್ಟು ಕೇಳುತ್ತಿದ್ದರು.

ಮನೆಗೆ ಬಂದ ಮೇಲೆ ಜ್ವರ ಬಂದ ಹಾಗಿದೆ. ದೊಡ್ಡವರಿಗೆ ಹಾಗೆ ಹೇಳಬಾರದಿತ್ತು.

ಏಪ್ರಿಲ್ 29, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಮನೆಯಲ್ಲಿ ಜಗಳ. ಜಗಳ ಎಂದರೆ ಇವರು ಮಾತಾಡುತ್ತಾರೆ, ನಾನು ಪಾತ್ರೆ ತೊಳೆಯುತ್ತೇನೆ.

ಇವರ ಕೆಲಸದ ಕಡೆ ಯಾರೋ ಹೇಳಿದರಂತೆ, ಕಷ್ಟದ ವಿಷಯ ಆರಿಸಿದವರಿಗೆ ಕಷ್ಟದ ಪ್ರಶ್ನೆ ಕೇಳುತ್ತಾರೆಂದು.

"ಈದ್ ಅಂತ ಹೇಳಲಿಕ್ಕೆ ನಿನಗೇನು ಧಾಡಿ? ಐದನೇ ಇಯತ್ತೆ ಓದಿದಾಕಿಗೆ ಸ್ಕಾಟ್ಲೆಂಡ್ ಯಾಕ ಬೇಕು? ಅಲ್ಲಿ ಹೋಗಿಯೇನು ನೀನು?"

"ಇಲ್ಲ."

"ಮತ್ತ?"

ಈದ್ ಬಗ್ಗೆ ಮಾತಾಡಲು ಕೂತರೆ ಬಾಯಿ ಒಣಗುತ್ತದೆ, ಇದರ ಬಗ್ಗೆಯಾದರೆ ಒಣಗಿದರೂ ಏನೋ ಬರುತ್ತದೆ. ಅಷ್ಟೇ ಹೇಳಿದೆ. ಇವರು ದನಿ ಸಣ್ಣದು ಮಾಡಿ, "ನೀನು ಹೋದರ ನಾನು ಹೆಂಗ ಇರಲಿ, ಶಾಕಿರಾ?" ಅಂದರು.

ಇವರೂ ಹೆದರಿದ್ದಾರೆ. ಇಷ್ಟು ದಿನ ಹೆದರಿಕೆ ನನ್ನೊಬ್ಬಳದೇ ಅಂದುಕೊಂಡಿದ್ದೆ. ಈಗ ಅದು ಇಬ್ಬರದಾಗಿ ಇನ್ನೂ ದೊಡ್ಡದಾಗಿದೆ.

ಆದರೂ ಈದ್ ಎಂದು ಬದಲಾಯಿಸಲಿಲ್ಲ. ಯಾಕೆಂದು ನನಗೇ ಗೊತ್ತಿಲ್ಲ.

ಶರ್ವಾಣಿಗೆ ಇವತ್ತು ಒಂದು ಚೀಟಿ ತೋರಿಸಿದೆ. ಬೆಳಿಗ್ಗೆ ಬರೆದದ್ದು:

ಬಾಗಿಲು ಬಡಿದರೆ
ಮನೆಯೆಲ್ಲ ಕಿವಿ.

ಎರಡು ಸಲ ಓದಿದಳು. ಚೀಟಿಯ ಇನ್ನೊಂದು ಬದಿಯಲ್ಲಿ ಕೊತ್ತಂಬರಿ, ನ್ಯಾಪಿ ಎಂದಿತ್ತು. ಇಟ್ಟುಕೊಳ್ಳಲೇ ಎಂದು ಕೇಳಿದಳು. ಅಂಗಡಿಗೆ ಬೇಕು ಎಂದು ಕಸಿದುಕೊಂಡು ಬಂದೆ.

ಮೇ 9, ಬುಧವಾರ

ನಾಳೆ. ಯಾ ಅಲ್ಲಾ.

ಮೇ 10, ಗುರುವಾರ

ಟ್ರಾಮಿನಲ್ಲಿ ಹೋದೆವು. ಸ್ಟೇಷನ್ ಹತ್ತಿರದ ಕಟ್ಟಡದ ಬಾಗಿಲವರೆಗೂ ಇವರು ಬಂದರು, ಒಳಗೆ ಬಿಡಲಿಲ್ಲ. ಫೋನು, ಬಳೆ, ಚೀಲ ಎಲ್ಲ ತೆಗೆದಿಡಬೇಕು. ಕಾಯುವ ಕೋಣೆಯಲ್ಲಿ ಎಲ್ಲರ ತುಟಿಯೂ ಅಲುಗುತ್ತಿತ್ತು. ದುವಾ ಓದುತ್ತಿದ್ದರೋ ಬಾಯಿಪಾಠ ಒಪ್ಪಿಸುತ್ತಿದ್ದರೋ ತಿಳಿಯಲಿಲ್ಲ.

ಒಳಗೆ ಒಬ್ಬ ಗಂಡಸು, ಕನ್ನಡಕ, ನರೆತ ಗಡ್ಡ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಯಂತ್ರದಲ್ಲಿ ಮಾತು ಹಿಡಿಯುತ್ತಾರೆ. ಹೆಸರು ಕೇಳಿದರು. ಹೇಳಿದೆ. ವಿಷಯ ಏನು ಎಂದರು. ಸ್ಕಾಟ್ಲೆಂಡಿನ ಕವಿತೆ ಅಂದೆ. ಅವರ ಹುಬ್ಬು ಸ್ವಲ್ಪ ಮೇಲೆ ಹೋಯಿತು.

ಆಗ ಹೆದರಿಕೆಗೆ ಹಳೆಯ ಪುಟವೇ ಬಾಯಿಗೆ ಬಂತು. ಮಾಡರ್ನ್ ಸ್ಕಾಟಿಷ್ ಪೊಯೆಟ್ರಿ ಇಂಟರಾಗೇಟ್ಸ್. ನಿಲ್ಲಿಸಲು ಆಗಲಿಲ್ಲ. ಉರುಳುವ ಕಲ್ಲಿನ ಹಾಗೆ ಹೋಗುತ್ತಲೇ ಇತ್ತು. ಅವರು ಕೈ ಎತ್ತಿದರು. "ಅದು ನಿಮಗೆ ಯಾಕೆ ಮುಖ್ಯ?"

ಯಂತ್ರದ ಕೆಂಪು ದೀಪ ನೋಡುತ್ತಾ ಕೂತೆ. ಆಯಿಝಾಳ ಜಡೆ ನೆನಪಾಯಿತು. ಎಲ್ಲ ಮುಗಿಯಿತು ಅಂದುಕೊಂಡೆ. ಹೇಗಿದ್ದರೂ ಮುಗಿಯಿತಲ್ಲ, ಇನ್ನು ಏನು ಹೇಳಿದರೇನು ಎನಿಸಿತು.

ಹೇಳಿದೆ. ನಮ್ಮ ಮನೆಯ ಭಾಷೆಗೆ ಜನ ನಗುತ್ತಾರೆ ಅಂದೆ. ಸ್ಕಾಟ್ಲೆಂಡಿನಲ್ಲೂ ಮನೆಯ ಮಾತಿಗೆ ನಕ್ಕರು, ಶಾಲೆಯಲ್ಲಿ ಹೊಡೆದರು. ಕವಿಗಳು ಜನ ನಕ್ಕ ಮಾತುಗಳನ್ನೇ ಹೆಕ್ಕಿ ಬರೆದರು. ಒಬ್ಬ ಅಜ್ಜಿ ಬೈಯುವ ಕವಿತೆ ಕೇಳಿದೆ, ಮಾತು ತಿಳಿಯಲಿಲ್ಲ, ಅಜ್ಜಿ ಅರ್ಥವಾದಳು. ಇಂಗ್ಲಿಷ್ ಮುರಿದು ಮುರಿದು ಬಂತು. ಅವರು ನಡುವೆ ನಡುವೆ ಕೇಳಿದರು, ನಾನು ಹೇಳಿದೆ. ಏಣಿಯ ಕವಿತೆಯನ್ನು ಗಾಳಿಯಲ್ಲಿ ಬೆರಳಿನಿಂದ ತೋರಿಸಿದೆ. ಬೈಯುವ ಪದ್ಯದ ಮಾತು ಬಂದಾಗ, ನಮ್ಮ ಮದುವೆಗಳಲ್ಲೂ ಇದೆ ಅಂದೆ.

"ಹೇಗಿರುತ್ತದೆ?"

ಹಾಡಿದೆ. ಆ ಕೋಣೆಯಲ್ಲಿ, ಯಂತ್ರದ ಎದುರು, ಬೇರೆ ಗಂಡಸಿನ ಎದುರು ಹಾಡಿಬಿಟ್ಟೆ. "ಸಮ್ಧನ್ ಆಯೀ ಮೋಟರ್ ಮೇಂ, ಮೋಟರ್ ಬೋಲೀ ನಕ್ಕೊ ಮಾ." ನಮ್ಮ ದಾದಿಯ, ಅಪ್ಪನ ಅವ್ವನ ಹಾಡು. ದನಿ ಹಾದಿ ತಪ್ಪಿ ಮೇಲೆ ಹೋಯಿತು. ಅರ್ಥ ಹೇಳಿದೆ: ಬೀಗಿತ್ತಿ ಕಾರಿನಲ್ಲಿ ಕೂತಳು, ಕಾರು ಅಂದಿತು, ಬೇಡ ತಾಯಿ. ಬೀಗಿತ್ತಿ ದಪ್ಪ ಎಂದು ಕೈಯಗಲಿಸಿದೆ. ಅವರು ತುಟಿ ಕಚ್ಚಿಕೊಂಡರು.

ನಾವೂ ಅವರಿಗೆ ಒಂದು ಪ್ರಶ್ನೆ ಕೇಳಬೇಕೆಂದು ಮೊರೀನ್ ಹೇಳಿದ್ದರು. ಕಲಿತ ಪ್ರಶ್ನೆ, ನಿಮಗೆ ಯಾವ ಊಟ ಇಷ್ಟ ಎಂಬುದು. ಅದು ಮರೆತೇಹೋಯಿತು. "ನಿಮ್ಮ ಅಜ್ಜಿ ನಿಮಗೆ ಹೇಗೆ ಬೈಯುತ್ತಿದ್ದರು?" ಎಂದು ಕೇಳಿದೆ.

ಅವರು ಪೆನ್ನು ಇಟ್ಟರು. ಅವರ ಅಜ್ಜಿ ಓಲ್ಡ್‌ಹ್ಯಾಮ್‌ನ ಹತ್ತಿ ಗಿರಣಿಯಲ್ಲಿದ್ದರಂತೆ. ಮಗ್ಗಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ, ಹೆಂಗಸರು ತುಟಿ ಅಲುಗಿಸಿಯೇ ಒಬ್ಬರಿಗೊಬ್ಬರು ತಿಳಿಸುತ್ತಿದ್ದರಂತೆ. ಮನೆಗೆ ಬಂದ ಮೇಲೂ ಅಜ್ಜಿ ಬೈಯುವಾಗ ದನಿ ಹೊರಡುತ್ತಿರಲಿಲ್ಲ, ಬರೀ ತುಟಿ, ಬರೀ ಮುಖ. ಹಾಗೆ ಹೇಳಿ ಅವರು ಒಮ್ಮೆ ಮಾಡಿ ತೋರಿಸಿದರು, ದನಿಯಿಲ್ಲದೆ. ನನಗೆ ನಗು ಬಂತು. ಕೂಡಲೇ ಅವರು ಗಡಿಯಾರ ನೋಡಿ, ಮುಖ ಮೊದಲಿನ ಹಾಗೆ ಮಾಡಿ, ಪರೀಕ್ಷೆ ಮುಗಿಯಿತು ಅಂದರು.

ಹೊರಗೆ ಇವರು ನಿಂತಿದ್ದರು. "ಏನಾತು? ಏನ್ ಹೇಳಿದಿ?"

"ಎಲ್ಲಾ ಹೇಳಿದೆ."

ಹಾಡಿದ್ದನ್ನು ಹೇಳಲಿಲ್ಲ. ಟ್ರಾಮಿನಲ್ಲಿ ಕೂತ ಮೇಲೆ ಅದೇ ಯೋಚನೆ. ಪರೀಕ್ಷೆಯಲ್ಲಿ ಹಾಡಿದವರನ್ನು ಯಾರು ಪಾಸು ಮಾಡುತ್ತಾರೆ?

ಮೇ 14, ಸೋಮವಾರ

ಇವರಿಗೆ ಹೇಳಿಬಿಟ್ಟೆ, ಇನ್ನು ತಡೆಯಲಾಗಲಿಲ್ಲ.

"ಸಮ್ಧನ್ ಹಾಡಿದ್ಯಾ?" ಇವರು ತುತ್ತು ಕೆಳಗಿಟ್ಟರು. "ಪರೀಕ್ಷಾದಾಗ? ಸರ್ಕಾರದ ಪರೀಕ್ಷಾದಾಗ ಸಮ್ಧನ್‌ಗೆ ಬೈದ್ಯಾ?"

"ಹೌ."

"ಮೋಟರ್‌ದು?"

"ಹೌ."

ಇವರು ಎದ್ದು ಹಿತ್ತಲಿಗೆ ಹೋದರು. ಬೇಲಿಯ ಹತ್ತಿರ ಬೆನ್ನು ಮಾಡಿ ನಿಂತರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಓಡಿದೆ. ನಗುತ್ತಿದ್ದರು. ನಗುತ್ತಾ ಕಣ್ಣು ಒದ್ದೆಯಾಗಿತ್ತು, ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ.

ಶರ್ವಾಣಿ ಅಡುಗೆಮನೆಯ ಬಾಗಿಲಿಂದ, "ಫೇಲಾದ್ರೂ ಪರವಾಗಿಲ್ಲ ಬಿಡೇ, ಇನ್ನೊಂದು ಸಲ ಕಟ್ಟಿದರಾಯ್ತು," ಅಂದಳು. "ಪರವಾಗಿಲ್ಲ ಅಂತ ಹೇಳಬ್ಯಾಡ ನೀನು, ಪರವಾ ಐತಿ," ಅಂದೆ.

ಮೇ 16, ಬುಧವಾರ

ಉತ್ತರ ಬಂದಿಲ್ಲ. ಅಟ್ಟದ ಮೇಲಿದ್ದ, ಊರಿಗೆ ಒಯ್ಯುವ ದೊಡ್ಡ ಪೆಟ್ಟಿಗೆಯನ್ನು ಇವರು ಕೆಳಗಿಳಿಸಿ ಒರಸಿಟ್ಟಿದ್ದಾರೆ. ನಾಳೆಯಿಂದ ರೋಜಾ, ರಂಜಾನ್ ಉಪವಾಸ.

ಮೇ 18, ಶುಕ್ರವಾರ

ಪಾಸ್.

ಇವರು ಫೋನಿನಲ್ಲಿ ಓದಿದರು. ನಾನು ಶರ್ವಾಣಿಯಿಂದ ಮತ್ತೆ ಓದಿಸಿದೆ. ಆಮೇಲೆ ಫೋನು ಕಸಿದುಕೊಂಡು ಅಕ್ಷರ ಅಕ್ಷರವಾಗಿ ನಾನೇ ಓದಿದೆ. ಪಾಸ್ ಎಂದೇ ಇತ್ತು. ನಘ್ಮಾನಾ ಬಾಜಿ ಫೋನಿನಲ್ಲಿ ಕಿರುಚಿ, ಬಿರಿಯಾನಿಗೂ ಪಾಸ್ ಆಗಿದೆ ಎಂದು ಹೇಳಿ, ಮೋಟರ್ ಹಾಡು ಪೂರ್ತಿ ಬರೆದುಕೊಡು ಅಂದರು. ಅವರ ಮಗನ ಮದುವೆ ಇದೆಯಂತೆ.

ಅರ್ಜಿ ಇನ್ನೂ ಹಾಕಬೇಕು. ಅದಕ್ಕೂ ಉತ್ತರ ಬರಬೇಕು. ಹೆದರಿಕೆ ಪೂರ್ತಿ ಹೋಗಿಲ್ಲ. ಪೆಟ್ಟಿಗೆ ಮಾತ್ರ ಅಟ್ಟಕ್ಕೆ ಹೋಯಿತು.

ಮೇ 22, ಮಂಗಳವಾರ

ಬೆಳಗಿನ ಜಾವ ಉಪವಾಸದ ಸೆಹರಿ ಉಂಡು, ಫಜರ್ ನಮಾಜು ಮುಗಿಸಿ, ಇವರು ಕೆಲಸಕ್ಕೆ ಹೋದ ಮೇಲೆ ನಾನು ಮತ್ತೆ ಮಲಗಿಬಿಟ್ಟೆ. ಎಚ್ಚರಾದಾಗ ಕಸದ ಲಾರಿಯ ಸದ್ದು ಆಗಲೇ ನಮ್ಮ ಮನೆ ದಾಟಿತ್ತು. ಬಿನ್ ಹೊರಗಿಟ್ಟಿರಲಿಲ್ಲ, ತಪ್ಪು ನಮ್ಮದೇ. ತಲೆಗೆ ದುಪಟ್ಟಾ ಎಳೆದುಕೊಂಡು, ಇವರ ದೊಡ್ಡ ಚಪ್ಪಲಿ ಮೆಟ್ಟಿಕೊಂಡು, ಬಿನ್ ಎಳೆಯುತ್ತಾ ಬೀದಿಗೆ ಓಡಿದೆ. ಲಾರಿ ಮೂಲೆಗೆ ಹೋಗಿಬಿಟ್ಟಿತ್ತು. ನಿಲ್ಲಿಸಿ ಎಂದು ಕೂಗಿದೆ. ಒಣಗಿದ ಗಂಟಲಿನಿಂದ ಎಷ್ಟು ದೊಡ್ಡ ದನಿ ಬಂತೆಂದರೆ ಎದುರು ಮನೆಯ ಕಿಟಕಿ ತೆರೆಯಿತು. ಕೂಗಿದ್ದು ಯಾವ ಭಾಷೆಯಲ್ಲೋ ನೆನಪಿಲ್ಲ. ಲಾರಿ ನಿಂತಿತು. ಹಳದಿ ಕೋಟಿನವನು ಇಳಿದು ಬಂದು ಬಿನ್ ತೆಗೆದುಕೊಂಡು ಹೋಗಿ ಖಾಲಿ ಮಾಡಿ ತಂದುಕೊಟ್ಟ. ಥ್ಯಾಂಕ್ ಯೂ ಲವ್ ಅಂದೆ.